ಸೀರೆ ಉಟ್ಟ ಬಾಳೆಗೊನೆ

ನಿಜಾಮರ ಕಾಲದಲ್ಲಿ ಮಿಡಲ್ ಪರೀಕ್ಷೆ ಫೇಲಾದವನಿಗೆ ಇದ್ದ ಮರ್ಯಾದೆ ಇವತ್ತು ಪಾಸಾದವನಿಗೂ ಇಲ್ಲ. ಯಾಕೆಂದರೆ ಫೇಲಾಗಬೇಕಾದರೂ ಮೊದಲು ಯಾದಗಿರಿಗೆ ಹೋಗಬೇಕು, ಉರ್ದು ಕಲಿಯಬೇಕು, ತಲೆಗೆ ಟೋಪಿ ಹಾಕಿಕೊಂಡು ಪರೀಕ್ಷೆಗೆ ಕೂಡಬೇಕು. ಭೀಮಾ ನದಿಯ ದಂಡೆಯ ನಮ್ಮೂರಿನಿಂದ ಹಾಗೆ ಹೋಗಿ ಫೇಲಾಗಿ ಬಂದವರು ಮೂವರು. ಮೌನಪ್ಪ, ದೇವಿಂದ್ರ, ದ್ಯಾವಪ್ಪ. ಊರಿಗೆ ಮರಳಿದ ಮೇಲೆ ಹೊಲದ ಕೆಲಸ ಅವರ ಕೈಗೆ ಒಗ್ಗಲಿಲ್ಲ, ಕಚೇರಿಯ ಕೆಲಸ ಕೈಗೆ ಸಿಗಲಿಲ್ಲ. ದಿನಾ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಗಾಳಿ ತಿನ್ನುತ್ತಿದ್ದರು. ನೀರಿಗೆ ಹೋಗುವ ಹೆಂಗಸರು ಸಹ "ಏನ್ರಪಾ ಸಾಹೇಬರ, ಕಚೇರಿ ಸುರುವಾತೇನು?" ಎಂದು ಕೇಳಿ ಕಿಸಕ್ಕನೆ ನಕ್ಕು ಹೋಗುತ್ತಿದ್ದರು.

ಮೂವರಲ್ಲಿ ಮೌನಪ್ಪನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಹಡೆದ ಮಗನೆಂದು ಅವನವ್ವ ಆ ಹೆಸರಿಟ್ಟಳು. ದೇವರು ಹರಕೆ ಒಪ್ಪಿಕೊಂಡ, ಹೆಸರಿನ ಜವಾಬ್ದಾರಿ ಮಾತ್ರ ತೆಗೆದುಕೊಳ್ಳಲಿಲ್ಲ. ಉಣ್ಣುವಾಗ ಮಾತು, ನಿದ್ದೆಯಲ್ಲಿ ಮಾತು, ಹೆಣದ ಹಿಂದೆ ಹೋಗುವಾಗಲೂ ಮಾತು. ಪರೀಕ್ಷೆಯಲ್ಲಿ ಫೇಲಾದದ್ದೂ ಪಕ್ಕದವನನ್ನು ಮಾತಾಡಿಸಿದ್ದಕ್ಕೇ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಇಂಥವನಿಗೆ ಜಗತ್ತಿನಲ್ಲಿ ಬೇಕಾದದ್ದು ಒಂದೇ, ಎದುರಿಗೆ ಎರಡು ಕಿವಿ.

ಬಾಳೆಯ ತೋಟದ ವಿಚಾರ ಹೊಳೆದದ್ದು ಅವನಿಗೇ. ಯಾದಗಿರಿ ಸ್ಟೇಷನ್ನಿನಲ್ಲಿ ಒಬ್ಬ ಬಾಳೆಹಣ್ಣಿನ ಬುಟ್ಟಿ ಹೊತ್ತು ಬಂದ, ರೈಲು ಸೀಟಿ ಹೊಡೆಯುವಷ್ಟರಲ್ಲಿ ಬುಟ್ಟಿ ಖಾಲಿ ಮಾಡಿ ಬೀಡಿ ಹಚ್ಚಿದ. ಅದನ್ನು ಕಣ್ಣಾರೆ ಕಂಡು ಬಂದ ಮೌನಪ್ಪ ಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದ.

"ನೌಕರಿ ನೌಕರಿ ಅಂತ ಯಾಕ ಸಾಯಬೇಕ್ರಲೇ? ನದಿ ನಮ್ಮದು, ದಂಡಿ ಸರ್ಕಾರದ್ದು, ಪುಕ್ಕಟ ಬಿದ್ದದ. ಬಾಳಿ ಹಚ್ಚೋಣು. ಕೆಲಸಿಲ್ಲದ ಹುಡುಗರಿಗೆಲ್ಲ ಇದೇ ದಾರಿ. ಯಾದಗಿರಿ, ಶಹಾಪುರ, ಸುರಪುರ, ಎಲ್ಲಾ ಕಡಿ ನಮ್ಮ ಹಣ್ಣು!"

ಮೂವರೂ ನದಿಯ ನೀರು ಮುಟ್ಟಿ ಆಣೆ ಮಾಡಿದರು. ಮೊದಲ ಗೊನೆ ಕಡಿಯುವ ತನಕ ಯಾರೂ ತೋಟ ಬಿಟ್ಟು ಹೋಗಬಾರದು, ಯಾರೂ ಮದುವೆಯಾಗಬಾರದು. ಎರಡನೆಯ ಆಣೆ ಕೇಳಿ ಊರಿನವರು ನಕ್ಕರು, ಕೆಲಸವಿಲ್ಲದವರಿಗೆ ಹೆಣ್ಣು ಕೊಡಲು ಇಲ್ಲಿ ಯಾರೂ ತುದಿಗಾಲ ಮೇಲೆ ನಿಂತಿರಲಿಲ್ಲ.

ಆ ಕಾಲದಲ್ಲಿ ನಮ್ಮ ಭಾಗದ ಜಮೀನು ನೋಡುವ ಅಧಿಕಾರಿಗೆ ಗಿರ್ದಾವರ ಅನ್ನುತ್ತಿದ್ದರು. ಆಗಿನ ಗಿರ್ದಾವರ ಸರದಾರಸಾಬ. ಎತ್ತರದ ಮನುಷ್ಯ, ಕೆಂಪು ಗಡ್ಡ, ಎದೆಯ ಮೇಲೆ ಗಡಿಯಾರದ ಸರಪಣಿ. ದಂಡೆಯ ಬಂಜರನ್ನು ಕುದುರೆಯ ಮೇಲೆ ಕೂತೇ ತೋರಿಸಿ ಹೇಳಿದ.

"ದೇಖೋ, ಮೂರು ಮಂದಿ ಅದೀರಿ ಅಂತ ಕೊಡಾಕತ್ತೀನಿ. ಬಾಳಿ ಅಂದ್ರ ದಿನಾ ನೀರು. ಒಬ್ಬ ಎತ್ತು ಹೊಡಿಬೇಕು, ಒಬ್ಬ ನೀರು ತಿರುವಬೇಕು. ಮೊದಲ ಗೊನಿ ಬಲಿಯೋ ಹೊತ್ತಿಗಿ ನಾ ತ್ವಾಟ ನೋಡಾಕ ದೌರಾ ಬರ್ತೀನಿ. ತ್ವಾಟದಾಗ ಒಬ್ಬನೇ ಸಿಕ್ಕರ ಜಮೀನು ಸರ್ಕಾರಕ್ಕ ವಾಪಸ್. ಒಬ್ಬನಿಂದ ಆಗೋ ಕೆಲಸ ಅಲ್ಲ ಇದು. ಸಮಝೇ?"

"ಸಮಝೇ ಸಾಬ್" ಎಂದು ಮೌನಪ್ಪ ಶುರುಮಾಡಿದ ಉತ್ತರ ಮುಗಿಯುವ ಹೊತ್ತಿಗೆ ಗಿರ್ದಾವರನ ಕುದುರೆ ಪಕ್ಕದ ಊರು ತಲುಪಿತ್ತು.

ಆನೆಗೊಂದಿಯಿಂದ ಗಾಡಿಯಲ್ಲಿ ಬಾಳೆಕಂದು ತರಿಸಿದರು. ಜಾಲಿಮುಳ್ಳಿನ ಬೇಲಿ ಹಾಕಿದರು. ನದಿಯ ದಡದಲ್ಲಿ ಗುಂಡಿ ತೋಡಿ, ಎತ್ತಿನಿಂದ ನೀರು ಎತ್ತುವ ತೊಗಲಿನ ಮೊಟ್ಟೆ ಕಟ್ಟಿದರು. ಕಂದು ಚಿಗುರಿತು, ಎಲೆ ಬಿಚ್ಚಿತು. ಅಷ್ಟರಲ್ಲಿ ದ್ಯಾವಪ್ಪ ಹುಣಸಗಿಗೆ ಜಾತ್ರೆಯ ಎತ್ತು ನೋಡಿಬರುತ್ತೇನೆಂದು ಹೋದವನು ಅಲ್ಲೇ ಕಿರಾಣಿ ಅಂಗಡಿಯವನ ಮಗಳನ್ನು ಮದುವೆಯಾಗಿ ಮಾವನ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ದೇವಿಂದ್ರನಿಗೆ ಯಾದಗಿರಿಯಲ್ಲಿ ರೈಲು ಬಂದಾಗ ಗೇಟು ಹಾಕುವ, ಹೋದಾಗ ತೆಗೆಯುವ ಕೆಲಸ ಸಿಕ್ಕಿತು.

"ನಾ ಬಿಟ್ಟು ಹೋಗಾಕತ್ತಿಲ್ಲೋ ಮೌನ್ಯಾ" ಅಂದ ದೇವಿಂದ್ರ, ಗಂಟು ಹೆಗಲಿಗೇರಿಸಿ. "ನಾಳಿ ಹಣ್ಣು ಮಾರಾಕ ರೇಲ್ವೆದಾಗ ನಮ್ಮವ ಅಂತ ಒಬ್ಬ ಬೇಕಲ್ಲ?"

ಆ ಚಳಿಗಾಲದಲ್ಲೇ ಮೌನಪ್ಪನ ಅವ್ವ ತೀರಿಕೊಂಡಳು. ಅಕ್ಕ ಮರಿಲಿಂಗಮ್ಮ ಶಹಾಪುರದ ಗಂಡನ ಮನೆಯಿಂದ ಬಂದು, ಅತ್ತು, ದಿನ ಮುಗಿಸಿ ಹೋದಳು. ಹೋಗುವಾಗ ಅವ್ವನ ಹಸಿರು ಇಳಕಲ್ ಸೀರೆ ಎಲ್ಲಿ ಎಂದು ಪೆಟ್ಟಿಗೆಯೆಲ್ಲ ಹುಡುಕಿದಳು. ಅದು ಮೌನಪ್ಪನ ತಲೆದಿಂಬಿನೊಳಗಿತ್ತು. ಅವನು ಹೇಳಲಿಲ್ಲ. ಅವನು ಜೀವನದಲ್ಲಿ ಹೇಳದೆ ಉಳಿಸಿಕೊಂಡ ಮೊದಲ ಮಾತು ಅದು.

ಊರಿನ ಮನೆಗೆ ಬೀಗ ಹಾಕಿ ತೋಟದ ಗುಡಿಸಲಿಗೆ ಬಂದು ಬಿದ್ದ. ಎತ್ತು ಹೊಡೆದು ಮೊಟ್ಟೆ ಮೇಲಕ್ಕೆ ಬಂದೊಡನೆ ಹಗ್ಗ ಬಿಟ್ಟು ಓಡಬೇಕು, ಸನಿಕೆಯಿಂದ ಮಣ್ಣು ಸರಿಸಿ ನೀರು ತಿರುವಬೇಕು, ಮತ್ತೆ ಓಡಿಬರಬೇಕು. ಅಷ್ಟರಲ್ಲಿ ಎತ್ತು ಒಂದು ಎಲೆ ಕಿತ್ತು ಮೇಯುತ್ತಾ ನಿಂತಿರುತ್ತಿತ್ತು. ಓಡುವುದಾದರೂ ಸರಿ, ಮಾತಿಲ್ಲದೆ ಹೇಗೆ ಇರುವುದು? ಎತ್ತಿನ ಹತ್ತಿರ ನಿಂತು "ಏ ದೇವಿಂದ್ರಾ, ನೀರು ಬಂತೇನೋ?" ಎಂದು ಕೂಗುತ್ತಿದ್ದ. ಆಮೇಲೆ ಓಡಿ ಆ ತುದಿಗೆ ಹೋಗಿ "ಬಂತೋ ಬಂತು!" ಎಂದು ತಾನೇ ಉತ್ತರ ಕೊಡುತ್ತಿದ್ದ. ದಾರಿಹೋಕರು ತೋಟದಲ್ಲಿ ಇನ್ನೂ ಮಂದಿ ಇದ್ದಾರೆ ಅಂದುಕೊಳ್ಳುತ್ತಿದ್ದರು.

ಅವನೊಂದಿಗೆ ನಿಜವಾಗಿ ಮಾತಾಡುತ್ತಿದ್ದ ಮನುಷ್ಯಪ್ರಾಣಿ ಒಂದೇ. ಬೇಲಿಯ ಆಚೆಗೆ ಗುಡಿಸಲು ಹಾಕಿಕೊಂಡಿದ್ದ ಮಲಕಮ್ಮ. ಗಂಡನಿಲ್ಲ. ಇದ್ದೊಬ್ಬ ಮಗಳನ್ನು ಸೈದಾಪುರದ ಕಡೆ ಕೊಟ್ಟಿದ್ದಳು, ಮಗಳು ಇತ್ತ ತಲೆ ಹಾಕಿರಲಿಲ್ಲ. ಕಣ್ಣಿಗೆ ಪೊರೆ ಬಂದು ದೂರದ್ದೆಲ್ಲ ಮಂಜುಮಂಜು. ಅವಳ ಆಸ್ತಿ ಒಂದಷ್ಟು ಕುರಿ ಮತ್ತು ಒಂದು ಕರಿ ಆಡು. ಕುರಿಗಳು ಮರ್ಯಾದಸ್ಥರು. ಆ ಆಡು ಮಾತ್ರ ಯಾವ ಬೇಲಿಯನ್ನೂ ತನ್ನ ಸಲುವಾಗಿ ಹಾಕಿದ್ದು ಎಂದು ತಿಳಿದುಕೊಂಡಿರಲಿಲ್ಲ.

"ಏ ಮುದುಕೀ! ನಿನ್ನ ಆಡು ಮತ್ತ ನನ್ನ ಬಾಳಿ ತಿಂದದ!"

"ತಿನ್ನಲಿ ಬಿಡೋ ಮೂಳಾ. ಈ ಊರಾಗ ನಿನ್ನ ತ್ವಾಟ ನೋಡಾಕ ದಿನಾ ಬರೂದು ಅದೊಂದೇ."

"ಕೊಂದು ಹಾಕ್ತೀನಿ ನೋಡು ಅದನ್ನ!"

"ಬೇಲಿ ಹಾಕಾಕ ಬರೂದಿಲ್ಲ, ತ್ವಾಟ ಮಾಡ್ತಾನಂತ ತ್ವಾಟ!"

ಈ ಜಗಳ ಮುಗಿದರೆ ಇಬ್ಬರಿಗೂ ಅವತ್ತಿನ ಮಾತು ಮುಗಿದಂತೆ. ಅದಕ್ಕೇ ಇಬ್ಬರೂ ಬೇಗ ಮುಗಿಸುತ್ತಿರಲಿಲ್ಲ.

ಕಾಲ ಬಂದು ಮೊದಲ ಗಿಡ ಗೊನೆ ಹಾಕಿತು. ನದಿಯ ಕಡೆಯ ಸಾಲಿನಲ್ಲಿ, ಆಳೆತ್ತರಕ್ಕೆ, ಎಂಥ ಗೊನೆ ಅಂತೀರಿ! ಗಿಡಕ್ಕೇ ಭಾರವಾಗಿ ಬಾಗಿತ್ತು. ಹೊತ್ತು ಮುಳುಗಿದರೆ ಬಾವಲಿಗಳ ಕಾಟ. ಒಣ ಎಲೆ ಸುತ್ತಿದ, ಗಾಳಿಗೆ ಹಾರಿತು. ಗೋಣಿತಟ್ಟು ಕಟ್ಟಿದ, ಆಡು ಎಳೆದು ತಿಂದಿತು. ಕೊನೆಗೆ ಗುಡಿಸಲೊಳಗೆ ಹೋಗಿ ತಲೆದಿಂಬು ಬಿಚ್ಚಿದ. ಅವ್ವನ ಸೀರೆಯನ್ನು ಗೊನೆಯ ದಂಟಿನಿಂದ ಕೆಳಗಿನ ಹೂವಿನ ತನಕ ಸುತ್ತಿ, ಉಳಿದ ಸೆರಗನ್ನು ಮೇಲೆ ಹೊದಿಸಿ ದಾರ ಕಟ್ಟಿದ. ದೃಷ್ಟಿ ತಾಗದಿರಲೆಂದು ಒಳಗೆ ಗೊನೆಗೆ ಒಂದಿಷ್ಟು ಕುಂಕುಮವನ್ನೂ ಬಳಿದಿದ್ದ. ಆಮೇಲೆ "ಅವ್ವಾ, ಕಾಯ್ಕೋ" ಎಂದು ಹೇಳಿ ಮಲಗಿದ.

ಮರುದಿನ ಬೆಳಿಗ್ಗೆ ಹರಗೋಲು ನಡೆಸುವ ಅಂಬಣ್ಣ ನದಿಯ ನಡುವೆ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟ. ತೋಟದಲ್ಲಿ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಸೆರಗು ಹೊದ್ದು, ತಲೆ ತಗ್ಗಿಸಿ ನಿಂತಿದ್ದಳು. ಗಾಳಿಗೆ ಕೆಂಪು ಸೆರಗು ಅಲುಗುತ್ತಿತ್ತು. ಹರಗೋಲಿನಲ್ಲಿದ್ದ ಮಂದಿಯೆಲ್ಲ ಒಂದೇ ಕಡೆ ವಾಲಿ ನೋಡಿದರು, ಮುಳುಗದೆ ಉಳಿದದ್ದು ಪುಣ್ಯ. ಅಂಬಣ್ಣನ ಹರಗೋಲು ಹತ್ತಿದವನಿಗೆ ದಾಟಿಸುವುದರ ಜೊತೆ ಸುದ್ದಿಯೂ ಪುಕ್ಕಟೆ. ಸಂಜೆಯೊಳಗೆ ಎರಡೂ ದಂಡೆಗೆ ಗೊತ್ತಾಯಿತು: ಮೌನಪ್ಪ ಹೆಂಡತಿ ತಂದಾನ.

"ಯಾ ಊರಾಕಿ?"

"ಗುರುಮಿಠಕಲ್ ಕಡೆಯಾಕಿ ಅಂತ. ತೆಲುಗು ಬಿಟ್ಟು ಬ್ಯಾರೆ ಬರೂದಿಲ್ಲಂತ. ಅದಕ್ಕ ಯಾರ ಕೂಡನೂ ಮಾತಿಲ್ಲ."

"ಅಯ್ಯ ಯವ್ವಾ, ಅವನ ಬಾಯಿಗಿ ಅಂಥಾಕೀನೇ ಬೇಕಾಗಿತ್ತು ಬಿಡು."

ಈ ಸುಳ್ಳು ದಿನಗಟ್ಟಲೆ ಹೇಗೆ ನಿಂತಿತು, ಯಾರೂ ಹತ್ತಿರ ಹೋಗಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮೂರಿನ ಮಂದಿಯ ಮರ್ಯಾದೆ ನಿಮಗೆ ಗೊತ್ತಿಲ್ಲ. ಹೊಸ ಮದುಮಗಳನ್ನು ಗಂಡಸು ಕಣ್ಣೆತ್ತಿ ನೋಡಬಾರದು, ಬೇಲಿಯ ಹೊರಗೆ ಬೆನ್ನು ತಿರುಗಿಸಿ ನಿಂತು ಮಾತಾಡಬೇಕು. ಹೆಂಗಸರಾದರೆ, ಹೊಸಬಳು ತಾನಾಗಿ ಬಂದು ಕಾಲು ಮುಟ್ಟಿ ಕರೆಯುವ ತನಕ ಅವಳ ಅಂಗಳ ತುಳಿಯಬಾರದು. ಬಾಳೆಗೊನೆ ತಾನಾಗಿ ಬಂದು ಯಾರ ಕಾಲನ್ನೂ ಮುಟ್ಟಲಿಲ್ಲ. ಹೀಗಾಗಿ ಊರೆಲ್ಲ ಬೇಲಿಯ ಹೊರಗೇ ನಿಂತಿತು.

ಮೌನಪ್ಪ ಮೊದಲ ದಿನವೇ ನಿಜ ಹೇಳಿದ್ದ. ಅದನ್ನು ಅವನ ಪರವಾಗಿ ನಾನು ಸಾರಿ ಹೇಳುತ್ತೇನೆ. ದಡಕ್ಕೆ ಹೋಗಿ ಅಂಬಣ್ಣನ ಮುಂದೆ "ಅದು ಹೆಣ್ಣಲ್ಲೋ ಮಾರಾಯಾ, ಬಾಳಿಗೊನಿ!" ಅಂದ.

ಅಂಬಣ್ಣ ಹುಟ್ಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೌದೌದೋ ತಮ್ಮಾ! ನಮ್ಮಾಕಿನೂ ಹೊಸದಾಗಿ ಬಂದಾಗ ಬಾಳಿಗೊನಿಯಂಗೇ ಇದ್ದಳು. ಈಗ ನೋಡು, ಒಣಕೊಬ್ಬರಿ ಆಗ್ಯಾಳ!"

ಎರಡನೆಯ ಸಲ ನಿಜ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಂಬಣ್ಣ ಇನ್ನೊಂದು ಮಾತು ಅಂದ. "ಚಲೋ ಆತು ಬಿಡು. ಗಿರ್ದಾವರ ಸಾಬ್ರು ದೌರಾ ಬರೂದು ಸಮೀಪ ಬಂತು. ಒಬ್ಬನೇ ಇದ್ದಿದ್ರ ಜಮೀನು ಹೋಗ್ತಿತ್ತು. ಈಗ ಇಬ್ಬರಾದ್ರಿ."

ಮೌನಪ್ಪ ತೆರೆದ ಬಾಯಿಯನ್ನು ಹಾಗೇ ಮುಚ್ಚಿದ.

ಅದೊಂದೇ ಕಾರಣವಾಗಿದ್ದರೆ ಅವನನ್ನು ಕಳ್ಳ ಅನ್ನಬಹುದಿತ್ತು. ಇನ್ನೊಂದಿತ್ತು. ಅಲ್ಲಿಯ ತನಕ ಆ ಬೇಲಿಯ ಹತ್ತಿರ ನಾಯಿಯೂ ಸುಳಿಯುತ್ತಿರಲಿಲ್ಲ. ಈಗ ದಿನಾ ಯಾರಾದರೂ ಬಂದು ಬೆನ್ನು ತಿರುಗಿಸಿ ನಿಂತು "ಏನ್ ಮೌನಪ್ಪಣ್ಣಾ, ಆರಾಮ?" ಅನ್ನುತ್ತಿದ್ದರು. ಬೆನ್ನೇ ಆಗಲಿ, ಅದರ ಆ ಕಡೆಗೆ ಎರಡು ಕಿವಿ ಇರುತ್ತಿದ್ದವು. ಮೌನಪ್ಪ ಆ ಬೆನ್ನುಗಳಿಗೆ ಬಾಳೆಯ ಬೇಸಾಯ, ನಿಜಾಮರ ರೈಲು, ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆ ಎಲ್ಲವನ್ನೂ ವಿವರಿಸಿದ. ಹೆಂಡತಿ ಬಂದ ಮೇಲೆ ಮನುಷ್ಯ ಮನುಷ್ಯನಾಗುತ್ತಾನೆ ಎಂದು ಊರಿನವರು ಹೇಳಿದ್ದು ನಿಜವೆಂದೇ ಅವನಿಗೆ ಅನ್ನಿಸತೊಡಗಿತು.

ಸುದ್ದಿ ಶಹಾಪುರ ಮುಟ್ಟಿ ಮರಿಲಿಂಗಮ್ಮ ಗಾಡಿ ಕಟ್ಟಿಸಿಕೊಂಡು ಬಂದಳು. ಉಡಿ ತುಂಬಲು ಖಣ, ಕೊಬ್ಬರಿ, ಕುಂಕುಮ ಎಲ್ಲ ತಂದಿದ್ದಳು. ಬೇಲಿಯ ಹತ್ತಿರ ಇಳಿದು ನೋಡಿದವಳೇ ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ಅವ್ವನ ಸೀರಿ! ನನ್ನ ಪಾಲಿನ ಸೀರಿ ಉಟಗೊಂಡು ನಿಂತಾಳಲ್ಲೋ!"

"ಅಕ್ಕಾ, ಕೇಳಿಲ್ಲಿ, ಅದು..."

"ನೀ ಬಾಯಿ ಮುಚ್ಚು! ಅಕ್ಕ ಮದಿವಿಗಿ ಬ್ಯಾಡಾದಳು, ಅಕ್ಕನ ಸೀರಿ ಬೇಕಾತು. ಇರಲಿ, ನಾ ದೊಡ್ಡಾಕಿ, ಎಲ್ಲಾ ಹೊಟ್ಯಾಗ ಹಾಕ್ಕೋತೀನಿ. ಬಂದು ಕಾಲಿಗಿ ಬೀಳಂತ ಹೇಳಾಕಿಗಿ."

ಹೆಂಡತಿ ನಿಂತಲ್ಲೇ ನಿಂತಿದ್ದಳು. ಮರಿಲಿಂಗಮ್ಮ ಹೊತ್ತು ನೆತ್ತಿಗೇರುವ ತನಕ ಕಾದಳು. ಗಾಡಿಯ ಎತ್ತು ಹುಲ್ಲು ಮುಗಿಸಿ ಮಲಗಿತು. ಹೆಂಡತಿಯ ಸೆರಗು ಸಹ ಅಲುಗಲಿಲ್ಲ, ಅವತ್ತು ಗಾಳಿ ಇರಲಿಲ್ಲ.

"ಎಷ್ಟು ಸೊಕ್ಕಿರಬೇಕು ಆಕಿಗಿ! ಕಲ್ಲಿನಂಗ ನಿಂತಾಳ ನೋಡು! ಗಿರ್ದಾವರ ಬಂದ ದಿನ ನಾನೂ ಬರ್ತೀನಿ. ಮಂದಿ ಮುಂದ ಕೇಳ್ತೀನಿ ನ್ಯಾಯ!" ಎಂದು ಖಣ ಕೊಬ್ಬರಿ ವಾಪಸ್ ಕಟ್ಟಿಕೊಂಡು ಗಾಡಿ ಹತ್ತಿದಳು.

ಮಲಕಮ್ಮ ಮಾತ್ರ ಬೇರೆ ಥರ ನಡೆದುಕೊಂಡಳು. ಹೆಣ್ಣುಮಗಳು ಬಂದಿದ್ದಾಳೆಂದು ಕೇಳಿದ ದಿನವೇ ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಇಟ್ಟು ಬೇಲಿಯ ಸಂದಿಯಿಂದ ತಳ್ಳಿದಳು. ಮೌನಪ್ಪ ಕೈ ಚಾಚಿದ.

"ನಿನಗಲ್ಲೋ, ಆ ಕೂಸಿಗಿ! ನಿನ್ನಂಥವನ ಕೈಯಾಗ ಸಿಕ್ಕದ ಪಾಪ. ಉಂಡ ಮ್ಯಾಗ ಉಳಿದ್ರ ನೀ ತಿನ್ನು."

ಮೌನಪ್ಪ ಎಲ್ಲವನ್ನೂ ತಿಂದ. ಅವ್ವ ಹೋದ ಮೇಲೆ ಇನ್ನೊಬ್ಬರ ಕೈಯಿಂದ ತಟ್ಟಿದ ರೊಟ್ಟಿ ಅವನ ಬಾಯಿಗೆ ಬಿದ್ದಿರಲಿಲ್ಲ. ತಿನ್ನುತ್ತಾ ತಿನ್ನುತ್ತಾ ಕಣ್ಣಲ್ಲಿ ನೀರು ಬಂತು. ಬುಟ್ಟಿ ಒರೆಸಿ, ಖಾಲಿ ಬುಟ್ಟಿಯನ್ನು ಬೇಲಿಯ ಆಚೆಗೆ ಇಟ್ಟ. ಮರುದಿನ ಮತ್ತೆ ಬುಟ್ಟಿ ಬಂತು, ಅದರ ಮರುದಿನವೂ. ಜೋಳದ ನುಚ್ಚು, ಮಜ್ಜಿಗೆ, ಒಮ್ಮೆ ಹೋಳಿಗೆ ಸಹ ಬಂತು.

ಆಮೇಲೆ ಮಲಕಮ್ಮ ಕುರಿ ದೊಡ್ಡಿಗೆ ಕೂಡಿ, ಸಂಜೆಯ ಹೊತ್ತಿನಲ್ಲಿ ಬೇಲಿಯ ಹತ್ತಿರ ಬಂದು ಕೂಡತೊಡಗಿದಳು. ಹೆಂಡತಿಯ ಜೊತೆ ಮಾತಾಡಲು.

ಇದು ಮೌನಪ್ಪ ಎಣಿಸದ ಕಷ್ಟ. ಮೊದಲ ಸಂಜೆ ಮುದುಕಿ ಏನು ಹೇಳುತ್ತಾಳೋ ಎಂದು ಗಿಡದ ಹಿಂದೆ ಹೋಗಿ ಅಡಗಿ ಕೂತ. ಮಲಕಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಶುರುಮಾಡಿದಳು.

"ನೀ ಮಾತಾಡದಿದ್ರ ಬಿಡವ್ವಾ. ನಿನಗ ನನ್ನ ಮಾತು ತಿಳಿತದೋ ಇಲ್ಲೋ. ನನಗೂ ಒಬ್ಬಾಕಿ ಮಗಳು ಇದ್ದಾಳ. ಸಾಯಬಮ್ಮ ಅಂತ. ಲಗ್ನಾಗಿ ಹೋಗುವಾಗ ಹಿಂಗೇ ತಲಿ ಬಗ್ಗಿಸಿ ನಿಂತಿದ್ದಳು. ಪಂಚಮಿಗಿ ಕರ್ಕೊಂಡು ಬರ್ತೀನಿ ಅಂದಿದ್ದೆ. ಆ ವರ್ಷ ನಮ್ಮ ಮನಿಯವರು ಹೋದರು. ಕರಿಯಾಕ ಹೋಗಾಕ ಆಗಲಿಲ್ಲ. ಆಕಿ ಸಿಟ್ಟಾಗ್ಯಾಳ. ನಾ ಹೋಗಬೇಕಂದ್ರ ಕಣ್ಣು ಕಾಣೂದಿಲ್ಲ. ಸಿಟ್ಟು ಮಾಡಿದ್ದು ಆಕಿ ತಪ್ಪಲ್ಲ, ಹೌದಲ್ಲೇನವ್ವಾ?"

ಸೀರೆ ಅಲುಗಲಿಲ್ಲ.

"ಹೌದಲ್ಲೇನು?" ಮುದುಕಿಯ ದನಿ ಸಣ್ಣದಾಯಿತು.

ಮೌನಪ್ಪನಿಗೆ ತಡೆಯಲಾಗಲಿಲ್ಲ. ಕೈ ಮೇಲೆತ್ತಿ ಗೊನೆಯ ದಂಟು ಹಿಡಿದು ಮೆಲ್ಲಗೆ ಜಗ್ಗಿದ. ಹಸಿರು ಸೀರೆ ತಲೆ ಬಾಗಿಸಿ "ಹೌದು" ಅಂದಿತು. ಮಲಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಎಲೆಗೆ ಸುಣ್ಣ ಹಚ್ಚಿದಳು.

ಅಲ್ಲಿಂದ ಅದೇ ನಡೆಯಿತು. ಮಧ್ಯಾಹ್ನ ಆಡಿನ ಸಲುವಾಗಿ ಜಗಳ, ಸಂಜೆ ಸೀರೆಯ ಮುಂದೆ ಕಷ್ಟಸುಖ. ಮಧ್ಯಾಹ್ನ "ಮೂಳಾ" ಅನ್ನಿಸಿಕೊಂಡವನು ಸಂಜೆ ಗಿಡದ ಹಿಂದೆ ಕೂತು, ಸೊಳ್ಳೆ ಕಚ್ಚಿದರೂ ಹೊಡೆಯದೆ, ಕೇಳಿಸಿಕೊಳ್ಳುತ್ತಿದ್ದ. ಹುಟ್ಟಿದಾಗಿನಿಂದ ಮಾತಾಡುತ್ತಲೇ ಬಂದವನಿಗೆ, ಕೇಳುವುದು ಇಷ್ಟು ಭಾರದ ಕೆಲಸವೆಂದು ಗೊತ್ತಿರಲಿಲ್ಲ. ಒಳಗೊಳಗೇ ಒಂದು ಹೆದರಿಕೆ ಶುರುವಾಯಿತು. ಜಮೀನು ಹೋದರೆ ಹೋಗಲಿ, ಗೊನೆಯ ಮುಂದೆ ಅತ್ತಳೆಂದು ಊರು ನಕ್ಕರೆ ಈ ಮುದುಕಿ ಬದುಕುತ್ತಾಳೆಯೇ? ಗೊನೆ ದಿನದಿನಕ್ಕೂ ಬಲಿಯುತ್ತಿತ್ತು. ಕಡಿಯದಿದ್ದರೆ ಕೊಳೆಯುತ್ತದೆ, ಕಡಿದರೆ ಹೆಂಡತಿ ಹೋಗುತ್ತಾಳೆ. ಇಂಥ ಸಂಕಟ ಯಾವ ಗಂಡನಿಗೂ ಬಂದದ್ದನ್ನು ನಾನು ಕೇಳಿಲ್ಲ.

ಗಿರ್ದಾವರ ಬಂದ ದಿನ ನಮ್ಮೂರಿನಲ್ಲಿ ಒಲೆ ಉರಿಯಲಿಲ್ಲ. ಎಲ್ಲರೂ ತೋಟದ ಬೇಲಿಗೆ ಬಂದಿದ್ದರು. ಮದುವೆಯ ಊಟ ಬಾಕಿ ಇದೆಯೆಂದು ಹುಣಸಗಿಯಿಂದ ದ್ಯಾವಪ್ಪ ಬಂದಿದ್ದ, ಯಾದಗಿರಿಯಿಂದ ದೇವಿಂದ್ರ ಬಂದಿದ್ದ. ಇಬ್ಬರೂ ಮೌನಪ್ಪನ ಮೇಲೆ ಹರಿಹಾಯ್ದರು.

"ಗೊನಿ ಕಡಿಯೋತನಕ ಮದಿವಿ ಇಲ್ಲಂತ ಆಣಿ ಮಾಡಿದ್ದೆಲ್ಲಲೇ?" ಅಂದ ದ್ಯಾವಪ್ಪ.

"ನೀ ಆಗಿಲ್ಲೇನಲೇ?"

"ನಂದು ಬ್ಯಾರೆ. ನಾ ತ್ವಾಟ ಬಿಟ್ಟು ಆಗೀನಿ. ನೀ ತ್ವಾಟದಾಗ ಇದ್ದುಕೊಂಡೇ ಆಗಿದಿ!"

ಮರಿಲಿಂಗಮ್ಮ ನ್ಯಾಯ ಕೇಳಲು ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದಳು. ಮಲಕಮ್ಮ ಬೇಲಿಯ ಮೂಲೆಯಲ್ಲಿ ಕೋಲೂರಿ ಕೂತಿದ್ದಳು. ಸರದಾರಸಾಬ ಕುದುರೆಯಿಂದ ಇಳಿದು, ದೂರದಿಂದ ಸೀರೆಯ ಅಂಚು ಕಂಡೊಡನೆ ಗಕ್ಕನೆ ಬೆನ್ನು ತಿರುಗಿಸಿ ಗಡ್ಡ ನೀವಿಕೊಂಡ.

"ಮಾಫ್ ಕರ್ರಿ ತಂಗೀ, ಗೊತ್ತಿರಲಿಲ್ಲ. ಮೌನಪ್ಪಾ, ಶಾಬಾಸ್! ಓಡಿಹೋಗೋರು ಓಡಿಹೋದರು, ನೀ ಸಂಸಾರ ಹೂಡಿದಿ. ನೀನೊಬ್ಬ, ತಂಗಿ ಒಬ್ಬಾಕಿ. ಇಬ್ಬರಾತು. ಜಮೀನು ನಿನ್ನದು."

ಮುಗಿಯಿತು. ಸುಮ್ಮನಿದ್ದರೆ ಸಾಕಿತ್ತು. ಮೌನಪ್ಪ ಜನ್ಮದಲ್ಲಿ ಮೊದಲ ಸಲ ಮಂದಿಯ ಮುಂದೆ ಸುಮ್ಮನೂ ಇದ್ದ. ಆದರೆ ಕರಿ ಆಡಿಗೆ ಸರ್ಕಾರದ ದೌರಾ ಅಂದರೇನು ಗೊತ್ತು? ಎಲ್ಲರ ಕಣ್ಣು ಗಿರ್ದಾವರನ ಮೇಲಿದ್ದಾಗ ಅದು ಬೇಲಿ ನುಗ್ಗಿ, ಸೀದಾ ಹೋಗಿ, ಹೆಂಡತಿಯ ಸೆರಗು ಬಾಯಿಗೆ ಹಾಕಿಕೊಂಡು ಜಗ್ಗಿತು.

"ಅಯ್ಯೋ ಹಿಡೀರೋ! ಹೆಣ್ಮಗಳ ಮಾನ!" ಎಂದು ಅಂಬಣ್ಣ ಕಣ್ಣು ಮುಚ್ಚಿಕೊಂಡು ಕಿರುಚಿದ. ಗಂಡಸರೆಲ್ಲ ಕಣ್ಣು ಮುಚ್ಚಿಕೊಂಡರು. ಹೆಂಗಸರು ಕಣ್ಣು ಬಿಟ್ಟರು. ದಾರ ಹರಿಯಿತು, ಸೀರೆ ಸುತ್ತುಸುತ್ತಾಗಿ ಬಿಚ್ಚಿತು. ಒಳಗಿಂದ, ಮೇಲಿನ ಚಿಪ್ಪು ಹಳದಿಗೆ ತಿರುಗಿದ, ಹಣೆಗೆ ಕುಂಕುಮ ಹಚ್ಚಿದ ಗೊನೆ ಹೊರಗೆ ಬಂತು.

ಯಾರೋ ಫಕ್ಕನೆ ನಕ್ಕರು. ಊರಿಗೆ ಊರೇ ನಕ್ಕಿತು. ಅಂಬಣ್ಣ ನೆಲದ ಮೇಲೆ ಉರುಳಿದ. ಮರಿಲಿಂಗಮ್ಮ ಬಾಯಿಗೆ ಸೆರಗು ತುರುಕಿಕೊಂಡು "ಕಾಲಿಗಿ ಬೀಳು ಅಂದೆನಲ್ಲೋ ನಾ, ಇದಕ್ಕ!" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಯಾರೋ ಹಿಂದಿನಿಂದ ಕೂಗಿದರು. "ಮಲಕಮ್ಮಾ, ದಿನಾ ಸಂಜಿಗಿ ಯಾರ ಮುಂದ ಅಳತಿದ್ದಿಬೇ? ಚಿಪ್ಪಿನ ಮುಂದೇನು?"

ಮೌನಪ್ಪ ಮಲಕಮ್ಮನ ಕಡೆ ನೋಡಲಾರದೆ ತಲೆ ತಗ್ಗಿಸಿದ.

ಸರದಾರಸಾಬ ಮಾತ್ರ ನಗಲಿಲ್ಲ. ಬಾಳೆಗೊನೆಗೆ ಬೆನ್ನು ತಿರುಗಿಸಿ ಮಾಫಿ ಕೇಳಿದ್ದು ಅವನೊಬ್ಬನೇ ಅಲ್ಲವೇ? ಗಡ್ಡ ನಡುಗಿತು.

"ನನ್ನ ಬೇವಕೂಫ್ ಮಾಡಿದೇನು? ತ್ವಾಟದಾಗ ನಿನ್ನ ಬಿಟ್ಟರ ಇನ್ನ ಯಾರದಾರ? ಹೇಳು!" ಆಮೇಲೆ ದೇವಿಂದ್ರ, ದ್ಯಾವಪ್ಪನ ಕಡೆ ತಿರುಗಿದ. "ನೀವು ನಾಳಿಂದ ಇಲ್ಲಿ ಇರ್ತೀರೇನು?"

"ಗೇಟು ಅದರೀ ಸಾಬ್" ಅಂದ ದೇವಿಂದ್ರ ನೆಲ ನೋಡುತ್ತಾ. ದ್ಯಾವಪ್ಪ ದೇವಿಂದ್ರನ ಹಿಂದೆ ಸರಿದ.

"ಅಂದ್ರ ನೀನೊಬ್ಬನೇ" ಅಂದ ಗಿರ್ದಾವರ.

ಮೌನಪ್ಪ ಬೇಲಿಯ ಗೂಟ ಹಿಡಿದುಕೊಂಡ. ಒಬ್ಬನೇ ಅನ್ನುವುದನ್ನು ಇಷ್ಟು ಮಂದಿಯ ಮುಂದೆ ಅವನಿಗೆ ಯಾರೂ ಹೇಳಿರಲಿಲ್ಲ.

"ಒಬ್ಬ ಹೆಂಗಾಗ್ತಾನ್ರೀ?"

ಮಲಕಮ್ಮ ಕೋಲೂರಿ ಎದ್ದು ನಿಂತಿದ್ದಳು. ನಗು ಅಲ್ಲಲ್ಲೇ ನಿಂತಿತು.

"ನಾ ಇಲ್ಲೇನು? ಮಧ್ಯಾನ್ನ ಇವನ ಕೂಡ ಜಗಳಾಡ್ತೀನಿ. ಇವನ ಹೊಟ್ಟಿಗಿ ರೊಟ್ಟಿ ಹಾಕ್ತೀನಿ. ನನ್ನ ಕುರಿ ಹಿಕ್ಕಿ ಬಿದ್ದೇ ಈ ಗಿಡ ಇಷ್ಟು ಎದ್ದಾವ. ಇನ್ನೇನು ಬೇಕ್ರೀ ಸರ್ಕಾರಕ್ಕ?"

"ಮುದುಕೀ, ನಿನಗೂ ಇವ ಮೋಸ ಮಾಡ್ಯಾನಲ್ಲ" ಅಂದ ಸರದಾರಸಾಬ.

"ಮೋಸ ಎಲ್ಲಿದ್ದೀತ್ರಿ. ನನ್ನ ಕಣ್ಣು ಹೋಗ್ಯಾವ, ಬುದ್ಧಿ ಹೋಗಿಲ್ಲ. ಮೊದಲ ದಿನ ರೊಟ್ಟಿ ಬುಟ್ಟಿ ಕೊಟ್ಟೆ. ಖಾಲಿ ಬುಟ್ಟಿ ತಿರುಗಿ ಬಂತು. ಒಂದು ಹಿಡಿ ಜ್ವಾಳ ಇಲ್ಲ, ಒಂದು ಮೆಣಸಿನಕಾಯಿ ಇಲ್ಲ. ಹೆಣ್ಣ ಅಂತ ಹುಟ್ಟಿದಾಕಿ ಯಾವಾಕಿನರೆ ಮಂದಿ ಬುಟ್ಟಿ ಖಾಲಿ ಕಳಸ್ತಾಳೇನ್ರಿ? ಅವತ್ತೇ ತಿಳೀತು, ಒಳಗ ಗಂಡಸು ಒಬ್ಬನೇ ಅದಾನಂತ."

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ಊರಿಗೆ ಹೊಳೆಯದಿದ್ದದ್ದು ಇದು.

"ಮತ್ತ ದಿನಾ ಯಾಕ ಮಾತಾಡಿದೆಬೇ ಅದರ ಮುಂದ?" ಅಂಬಣ್ಣ ಮೈಯ ಧೂಳು ಜಾಡಿಸುತ್ತಾ ಕೇಳಿದ.

"ಅದರ ಹಿಂದ ಒಬ್ಬ ಕುಂತು ಕೇಳ್ತಿದ್ದ. ನಾ ಕುರುಡಿ, ಕಿವುಡಿ ಅಲ್ಲ. ಉಸುರು ಕೇಳ್ತಿತ್ತು ನನಗ. ನನ್ನ ಮಾತು ಕೇಳಿ ಯಾರಾದ್ರೂ ಉಸುರು ಬಿಟ್ಟು ಎಷ್ಟು ವರ್ಷಾಗಿತ್ತು." ಮುದುಕಿ ಕೋಲಿನಿಂದ ನೆಲಕ್ಕೆ ಕುಟ್ಟಿದಳು. "ಏ ಮೂಳಾ, ಹಂಗ್ಯಾಕ ನಿಂತಿದಿ? ಸಾಬ್ರಿಗಿ ಹಣ್ಣು ಕೊಡು!"

ಸರದಾರಸಾಬ ಬಹಳ ಹೊತ್ತು ಹಣ್ಣು ಸುಲಿದ. ತಿಂದು, ಸಿಪ್ಪೆಯನ್ನು ಆಡಿಗೆ ಕೊಟ್ಟ. "ಜಗಳಾಡಾಕ ಒಬ್ಬರಿದ್ದರ ಇಬ್ಬರಾದಂಗೇ ಲೆಕ್ಕ" ಎಂದು ಕುದುರೆ ಹತ್ತಿದ. ಜಮೀನು ಉಳಿಯಿತು.

ಊರಿನವರು ಮದುವೆಯ ಊಟದ ಬಾಬ್ತು ಇಡೀ ಗೊನೆ ತಿಂದು ಮುಗಿಸಿದರು. ಬಹಳ ರುಚಿಯಾಗಿತ್ತು ಎಂದು ಇವತ್ತಿಗೂ ಹೇಳುತ್ತಾರೆ. ಮರಿಲಿಂಗಮ್ಮ ಸೀರೆ ಎತ್ತಿ ನೋಡಿ, ಆಡು ಕಡಿದ ಸೆರಗು ಕಂಡು, "ನೀನೇ ಇಟಗೋ" ಎಂದು ತಮ್ಮನ ಹೆಗಲಿಗೆ ಹಾಕಿ ತಲೆ ಸವರಿ ಹೋದಳು. ದ್ಯಾವಪ್ಪ ಹುಣಸಗಿಗೆ, ದೇವಿಂದ್ರ ಗೇಟಿಗೆ. ಹೆಂಡತಿಯೂ ಇಲ್ಲ, ಹೆಂಡತಿಯ ಸುದ್ದಿಯೂ ಇಲ್ಲ, ಇನ್ನು ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಲ್ಲಲು ಯಾರು ಬರುತ್ತಾರೆ? ಮರುದಿನ ಮೌನಪ್ಪ ಗೊನೆ ಕೊಟ್ಟ ಗಿಡವನ್ನು ಬುಡಕ್ಕೆ ಕಡಿದ. ಬಾಳೆಗೆ ಒಂದೇ ಗೊನೆ, ಆಮೇಲೆ ಬುಡದ ಮರಿಗೆ ಜಾಗ ಬಿಡಬೇಕು. ಆ ಜಾಗ ಬರಿದಾಗಿ ನದಿ ನೇರ ಕಾಣತೊಡಗಿತು. ಅವತ್ತು ಮೌನಪ್ಪ ದೇವಿಂದ್ರನ ಹೆಸರು ಕೂಗಲಿಲ್ಲ. ನೀರು ಸುಮ್ಮನೆ ಬಂತು, ಸುಮ್ಮನೆ ಹೋಯಿತು.

ಸಂಜೆ ಮಲಕಮ್ಮ ಬಂದು ಬೇಲಿಯ ಹತ್ತಿರ ಕೂತಳು. ಮೌನಪ್ಪ ಈ ಕಡೆ ಕೂತ. ನಡುವೆ ಏನೂ ಇರಲಿಲ್ಲ. ಅವಳು ಕೆಮ್ಮಿದಳು. ಅವನು ನೆಲ ಕೆರೆದ. ಎದುರಾಬದುರಾ ಕೂತು ಏನು ಮಾತಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ, ಜಗಳಾಡಲು ಆಡು ಕೂಡ ಅವತ್ತು ಏನೂ ತಿಂದಿರಲಿಲ್ಲ. ಕತ್ತಲು ಇಳಿಯತೊಡಗಿತು. ಮುದುಕಿ ಕೋಲು ಹಿಡಿದು ಏಳಲು ಹೊರಟಳು, ಮತ್ತೆ ಕೂತಳು.

"ಸೀರಿ ಎಲ್ಲದನೋ?"

"ಒಳಗದ."

"ಕಟ್ಟು."

ಮೌನಪ್ಪ ಹರಿದ ಸೀರೆ ತಂದು, ಬೇಲಿಯ ಎರಡು ಗೂಟಗಳ ನಡುವೆ ಕಟ್ಟಿದ. ಅದರ ಹಿಂದೆ ಹೋಗಿ ತನ್ನ ಜಾಗದಲ್ಲಿ ಕೂತು, ಅವಳು ಶುರುಮಾಡಲೆಂದು ಕಾದ. ಆಚೆಗೆ ಎಲೆಗೆ ಸುಣ್ಣ ಹಚ್ಚುವ ಸದ್ದು ಕೇಳಿಸಿತು.

"ದಿನಾ ನಾನೇ ಹೇಳೀನಿ" ಅಂದಳು ಮಲಕಮ್ಮ. "ಇವತ್ತ ನೀ ಹೇಳು. ನಾ ಕೇಳ್ತೀನಿ."

ಊರೆಲ್ಲ ಬೇಸತ್ತುಹೋಗುವಷ್ಟು ಮಾತಾಡಿದ ಮನುಷ್ಯ ಅವ್ವನ ಸೀರೆಯ ಮುಂದೆ ಬಹಳ ಹೊತ್ತು ತೊದಲಿದ. ಆಮೇಲೆ "ಅವ್ವ ಹೋದ ದಿನ ನಾ ಮನ್ಯಾಗ ಇರಲಿಲ್ಲಬೇ, ಗಿಡಕ್ಕ ನೀರು ಬಿಡಾಕತ್ತಿದ್ದೆ" ಎಂದು ಶುರುಮಾಡಿದ.

"ಹೂಂ" ಅಂದಳು ಆಚೆಯಿಂದ ಮಲಕಮ್ಮ.

ಕರಿ ಆಡು ಬೇಲಿ ನುಗ್ಗಿ, ಕಡಿದ ಗಿಡದ ಪಕ್ಕದ ಎಳೆ ಮರಿಯ ಎಲೆಗೆ ಬಾಯಿ ಹಾಕಿತು. ಬೈಗುಳಕ್ಕಾಗಿ ಒಮ್ಮೆ ತಲೆಯೆತ್ತಿ ಕಾದು ನೋಡಿತು. ಅವತ್ತು ಅದನ್ನು ಯಾರೂ ಬೈಯಲಿಲ್ಲ.